ಕೊನೆಯುಸಿರು ಮೊದಲು

ಎದುರಿಗೆ ಭೂತಗಳು ಸಾಲುಗಟ್ಟಿ ನಿಂತಾಗ ಮೊದಲು ಯಾವುದನ್ನು ಹೊಡೆಯಬೇಕು? ಏಳು ಕುರ್ಚಿಗಳ ಆ ಕೋಣೆಯಲ್ಲಿ ಈ ಒಂದು ಪ್ರಶ್ನೆಗೆ ದಿನವೂ ಊಟದ ಹೊತ್ತಿನಲ್ಲಿ ಜಗಳ ಏಳುತ್ತಿತ್ತು. ದಾಕ್ಷಾಯಣಿ ಮಾದರ ಅಂದು ತನ್ನ ಉತ್ತರವನ್ನು ರೊಟ್ಟಿಯ ಚೂರುಗಳಿಂದ ಟೇಬಲ್ಲಿನ ಮೇಲೆ ಜೋಡಿಸಿಯೇ ತೋರಿಸಿದಳು.

"ಸಾಯಾಕ ಬಂದದ್ದನ್ನ ಮೊದಲ ಹೊಡೀಬೇಕು. ಕೊನೆಯುಸಿರು ಮೊದಲು. ಅದು ಮುಗದ ಮ್ಯಾಲೆ ಉರಿ. ಅದೂ ಮುಗದ ಮ್ಯಾಲೆ ಸಿಡಿಲು."

"ತಲಿ ಕೆಟ್ಟೈತಿ ನಿನಗ," ಅಂದ ಪಕ್ಕದ ಕುರ್ಚಿಯ ಇಮ್ತಿಯಾಜ್. "ಸಾಯಾಕ ಬಂದದ್ದು ಎಲ್ಲಿ ಓಡಿ ಹೋಗ್ತೈತಿ? ಮೊದಲ ದೊಡ್ಡದಕ್ಕ ಉರಿ ಹಚ್ಚಬೇಕು. ಅದು ಉರಕೋತ ಇರ್ತೈತಿ, ನಾವು ಸಿಡಿಲು ಹೊಡಕೋತ ಇರ್ತೀವಿ. ಪಿಳ್ಳೆಗೋಳು ಕಡೀಕ. ಸಣ್ಣಾಂವ ಇದ್ದಾಗಿಂದ ಆಡೇನಿ ನಾ, ಎಲ್ಲಾ ಆಟದಾಗೂ ಇದ ಸರದಿ."

"ಅದಕ್ಕ ಮೀಟರಿನಾಗ ನೀ ಎರಡನೇ ನಂಬರು."

ಕೋಣೆಯೆಲ್ಲ ನಕ್ಕಿತು. ಇಮ್ತಿಯಾಜನೂ ನಕ್ಕ, ಬೇರೆ ದಾರಿ ಇರಲಿಲ್ಲ. ಯಾರು ಎಷ್ಟು ಡ್ಯಾಮೇಜು ಮಾಡಿದರು ಎಂಬುದು ಗೋಡೆಯ ದೊಡ್ಡ ಪರದೆಯ ಮೇಲೆ ಸದಾ ಓಡುತ್ತಿತ್ತು. ಅದರ ನೆತ್ತಿಯ ಮೇಲೆ ದಾಕ್ಷಾಯಣಿಯ ಆಟದ ಹೆಸರು 'ಕೆಂಡ' ತಿಂಗಳುಗಟ್ಟಲೆ ಕದಲದೆ ಕುಳಿತಿತ್ತು.

ಏಳು ಜನರೂ ಮಾಂತ್ರಿಕರೇ. ಬೇರೆ ಆಟಗಳಲ್ಲಿ ಮುಂದೆ ನಿಂತು ಏಟು ತಿನ್ನುವವರು ಇರುತ್ತಾರೆ, ಗಾಯ ಮಾಯಿಸುವವರು ಇರುತ್ತಾರೆ. ಇಲ್ಲಿ ಎಲ್ಲರೂ ಸುಡುವವರು. ಮಾಯಿಸುವವರಿಗೆ ಕಂಪನಿ ಕುರ್ಚಿಯನ್ನೇ ಹಾಕಿರಲಿಲ್ಲ. ಕೈಯಲ್ಲಿ ಮೂರು ಮಂತ್ರ. 'ಉರಿ' ಹಚ್ಚಿಬಿಟ್ಟರೆ ಭೂತ ನಿಧಾನಕ್ಕೆ ಬೇಯುತ್ತಾ ಇರುತ್ತದೆ. 'ಸಿಡಿಲು' ಬಿಡಲು ಹೊತ್ತು ಹಿಡಿಯುತ್ತದೆ, ಬಿದ್ದಾಗ ಮಾತ್ರ ದೊಡ್ಡ ತುಂಡು ಕಿತ್ತುಕೊಂಡು ಹೋಗುತ್ತದೆ. ಮೂರನೆಯದು 'ಕೊನೆಯುಸಿರು': ಭೂತದ ತಲೆಯ ಮೇಲಿನ ಕೆಂಪು ಪಟ್ಟಿ, ಅಂದರೆ ಅದರ ಜೀವ, ಕಾಲು ಭಾಗಕ್ಕಿಂತ ಕಡಿಮೆ ಇದ್ದರಷ್ಟೇ ನಡೆಯುತ್ತದೆ. ಮುಟ್ಟಿದ ಕ್ಷಣವೇ ಭೂತ ಬೂದಿ. ಅದರ ರುಚಿ ಇನ್ನೊಂದು ಕಡೆ ಇತ್ತು. ಮಂತ್ರ ಹಾಕಿದಾಗೆಲ್ಲ ಆಟಗಾರರ ನೀಲಿ ಪಟ್ಟಿ, ಅಂದರೆ ಅವರ ಶಕ್ತಿ, ಖರ್ಚಾಗುತ್ತದೆ. ಕೊನೆಯುಸಿರಿಗೆ ಖರ್ಚಾದ ನೀಲಿ ಮಾತ್ರ ಪೂರ್ತಿ ವಾಪಸ್ಸು ಬರುತ್ತಿತ್ತು. ಯಾಕೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಆಟದಲ್ಲಿ ಲಾಭ ಸಿಕ್ಕಾಗ ಕಾರಣ ಕೇಳುವ ಚಟ ಆಟಗಾರರಿಗೆ ಇರುವುದಿಲ್ಲ.

ಅದು ಆಟ ಅಲ್ಲ ಎಂಬುದು ಏಳೂ ಜನರಿಗೆ ಗೊತ್ತಿತ್ತು. ಒಂದೊಂದು ಭೂತವೂ ಒಂದೊಂದು ವಿದ್ಯುತ್ ಲೈನು. ಅದರ ಕೆಂಪು ಪಟ್ಟಿ ಎಂದರೆ ಆ ಲೈನು ಆ ಹೊತ್ತಿಗೆ ಎಳೆಯುತ್ತಿರುವ ಕರೆಂಟು. ಬೇಸಿಗೆಯಲ್ಲಿ ಊರೂರಿನ ಎಳೆತ ಹೆಚ್ಚಾಗಿ ತಂತಿಜಾಲದ ನಾಡಿ ಇಳಿಯತೊಡಗಿದರೆ ಪರದೆಯ ಮೂಲೆಯ ಕೋಟೆಗೋಡೆ ಬಿರುಕು ಬಿಡುತ್ತದೆ. ಗೋಡೆ ಉರುಳಿದರೆ ಇಡೀ ಸೀಮೆ ಕತ್ತಲು. ಉರುಳುವ ಮೊದಲು ಕೆಲವು ಭೂತಗಳನ್ನು ಕೊಲ್ಲಬೇಕು, ಅಂದರೆ ಕೆಲವು ಲೈನುಗಳನ್ನು ಕಡಿಯಬೇಕು. ಸ್ವಲ್ಪ ಹೊತ್ತಿನ ಮೇಲೆ ಭೂತ ಮತ್ತೆ ಹುಟ್ಟುತ್ತದೆ, ಕರೆಂಟು ಬರುತ್ತದೆ.

ಮೊದಲೆಲ್ಲ ಈ ಕೆಲಸವನ್ನು ಯಂತ್ರವೇ ಮಾಡುತ್ತಿತ್ತು. ಒಂದು ವರ್ಷದ ಬಿಸಿಲಿನಲ್ಲಿ ಯಂತ್ರ ಎಲ್ಲೋ ಕಡಿಯಬಾರದ್ದನ್ನು ಕಡಿದು ಹೆಣಗಳು ಸಾಲಾಗಿ ಮಲಗಿದವು. ಕೇಳಲು ಹೋದವರಿಗೆ ಯಂತ್ರದ ಕಡೆಗೆ ಕೈ ತೋರಿಸಿದರು. ಜನ ಬೀದಿಗೆ ಬಂದು, ಲಾಠಿ ತಿಂದು, ಒಂದು ಕಾನೂನನ್ನು ಕಿತ್ತುಕೊಂಡರು: ಮನುಷ್ಯರ ಕರೆಂಟು ಕಡಿಯಬೇಕಾದರೆ ಮನುಷ್ಯರ ಬೆರಳೇ ಬೇಕು, ಆ ಬೆರಳಿಗೆ ಒಂದು ಹೆಸರಿರಬೇಕು. ಗೆದ್ದೆವು ಎಂದು ಜನ ಮನೆಗೆ ಹೋದರು. ಆದರೆ ಬೆರಳಿಟ್ಟವರ ಕಣ್ಣೆದುರು ಊರಿನ ಹೆಸರು ಇರುತ್ತಿತ್ತಲ್ಲ, ಅವರು ಬೆರಳು ಹಿಂದಕ್ಕೆ ತೆಗೆಯತೊಡಗಿದರು. ಇದು ಬಾಣಂತಿಯರ ವಾರ್ಡು, ಇದು ನಮ್ಮ ಮಾವನ ಊರು ಎಂದು ತಡೆಯುವಷ್ಟರಲ್ಲಿ ನಾಡಿ ಇಳಿದುಬಿಡುತ್ತಿತ್ತು. ಆಗ ಗುತ್ತಿಗೆ ಹಿಡಿದ 'ಸಮಧಾರಾ' ಎಂಬ ಕಂಪನಿ ಉಪಾಯ ಕಂಡುಹಿಡಿಯಿತು. ಬೆರಳನ್ನು ಇಟ್ಟುಕೊಂಡಿತು, ಕಣ್ಣನ್ನು ಕಳೆಯಿತು. ಊರಿನ ಹೆಸರುಗಳ ಮೇಲೆ ಭೂತದ ವೇಷ ಹಾಕಿತು, ದಿನವೂ ಬೆಳಿಗ್ಗೆ ವೇಷ ಅದಲು ಬದಲು ಮಾಡಿತು, ಆಟವಾಡಿ ಬೆಳೆದ ಹುಡುಗ ಹುಡುಗಿಯರನ್ನು ಹುಡುಕಿ ತಂದು ಕೂರಿಸಿತು. ಯಾರದೆಂದು ತಿಳಿಯದೆ ಕಡಿಯುವುದೇ ನ್ಯಾಯ ಎಂದು ಗೋಡೆಗೆ ಬರೆಸಿತು.

ದಾಕ್ಷಾಯಣಿ ಆ ನ್ಯಾಯವನ್ನು ನಂಬಿದ್ದಳು. ಓಣಿಯ ಹೆಸರು ಕೇಳಿದ ಕೂಡಲೇ ಜಾತಿ ಲೆಕ್ಕ ಹಾಕುವ ಊರಿನಲ್ಲಿ ಬೆಳೆದವಳಿಗೆ, ಹೆಸರೇ ಕಾಣದ ಒಂದು ಕೋಣೆ ಸ್ವರ್ಗದ ಹಾಗೆ ಕಂಡದ್ದರಲ್ಲಿ ತಪ್ಪೇನಿತ್ತು?

ಊಟ ಮುಗಿಯುವ ಹೊತ್ತಿಗೆ ಕೋಣೆಯ ಎಂಜಿನಿಯರು ಪ್ರಸನ್ನ ಹಂಚಿನಾಳ ಬಂದು ರೊಟ್ಟಿಯ ಚೂರುಗಳನ್ನು ನೋಡಿದ. "ಇದೇನು ದಾಕ್ಷಾಯಣಿ, ವ್ಯೂಹ ರಚನೆಯಾ?"

"ಸರದಿ ಸರ. ಎಲ್ಲಾರೂ ಒಂದ ದಿನ ಇದನ್ನ ಮಾಡಿ ನೋಡಲಿ."

ಮಾಡಿ ನೋಡಿದರು. ದೊಡ್ಡದೊಂದನ್ನು ಕೆಡವುವಷ್ಟರಲ್ಲಿ ಪಿಳ್ಳೆಗಳ ಹಿಂಡೇ ಸಫಾಯಿ. ನೀಲಿ ಒಂದು ಹನಿ ಖರ್ಚಾಗಲಿಲ್ಲ, ಗೋಡೆಗೆ ಒಂದು ಗೆರೆ ಬೀಳಲಿಲ್ಲ. ಮರುದಿನ ಎಲ್ಲ ಊರುಗಳ ಕೋಣೆಗಳಿಗೂ ಅದೇ ಸರದಿ ಹೋಯಿತು. ಪ್ರಸನ್ನ ಪೇಢೆ ಹಂಚಿದ. ಇಮ್ತಿಯಾಜ್ ಪೇಢೆ ಬಾಯಿಗೆ ಹಾಕಿಕೊಂಡು, "ಮೇಡಮ್ಮಾರ ಮಂತ್ರಶಾಸ್ತ್ರ," ಎಂದು ಕೈ ಮುಗಿದ.

ಆ ದಿನಗಳಲ್ಲಿ ಒಂದು ಪಿಳ್ಳೆ ಅವರಿಗೆಲ್ಲ ನಗೆಪಾಟಲಾಗಿತ್ತು. ವೇಷ ಯಾವುದೇ ಇರಲಿ, ಅದರ ಕೆಂಪು ಪಟ್ಟಿ ಬಿಕ್ಕುತ್ತಿತ್ತು. ಎರಡು ಸಲ ಜಿಗಿಯುವುದು, ನಿಲ್ಲುವುದು, ಮತ್ತೆ ಎರಡು ಸಲ. "ಬಿಕ್ಕೋ ಭೂತ ಬಂತು, ಯಾರರೆ ನೀರ ಕುಡಸ್ರಿ ಅದಕ್ಕ," ಎನ್ನುತ್ತಿದ್ದ ಇಮ್ತಿಯಾಜ್. ದಾಕ್ಷಾಯಣಿ ನೀರು ಕುಡಿಸುತ್ತಿದ್ದಳು. ಬೆರಳು ತಾಗಿದರೆ ಬೂದಿ. ಮತ್ತೆ ಹುಟ್ಟುತ್ತಿತ್ತು, ಹುಟ್ಟುವಾಗಲೇ ಸೊರಗಿರುತ್ತಿತ್ತು. ಮತ್ತೆ ಬೂದಿ.

*

ಊರ ಹೊರಗಿನ ಕ್ವಾರಿ ಓಣಿಯಲ್ಲಿ ಮನೆಗಳೆಲ್ಲ ತಗಡಿನವು. ಬೇಸಿಗೆಯ ಹಗಲಿನಲ್ಲಿ ಆ ಮನೆಗಳ ಒಳಗೆ ಇರುವುದು ಈಗ ಯಾರಿಂದಲೂ ಆಗುತ್ತಿರಲಿಲ್ಲ. ಬಿಸಿಲಿಗೆ ಜನ ಸಾಯತೊಡಗಿದ ಮೇಲೆ ಸರಕಾರ ಓಣಿಗೊಂದರಂತೆ ದಪ್ಪ ಗೋಡೆಯ, ಕಿಟಕಿಯಿಲ್ಲದ ಒಂದು ದೊಡ್ಡ ಕೋಣೆ ಕಟ್ಟಿಸಿ ತಂಪು ಮಾಡುವ ಯಂತ್ರ ಇಟ್ಟಿತ್ತು. ಜನ ಅದನ್ನು ತಂಪಿನ ಮನಿ ಎನ್ನುತ್ತಿದ್ದರು. ಬೆಳಿಗ್ಗೆ ಅಡುಗೆ ಮುಗಿಸಿ, ಬುತ್ತಿ ಕಟ್ಟಿಕೊಂಡು, ಕೂಸು ಕುನ್ನಿ, ಹೊಲಿಗೆ ಯಂತ್ರ, ಹಾಸಿಗೆ ಹಿಡಿದವರು, ಎಲ್ಲ ಸಮೇತ ಅಲ್ಲಿಗೆ ಹೋಗಿ ಸಂಜೆಯವರೆಗೆ ಕೂರುವುದು. ಲಗ್ನದ ಮಾತುಕತೆಯೂ ಅಲ್ಲೇ, ಜಗಳವೂ ಅಲ್ಲೇ. ಕೋಣೆ ಒಂದೇ ಆದರೂ ಕೂರುವ ಜಾಗ ಒಂದೇ ಆಗಿರಲಿಲ್ಲ. ಯಂತ್ರದ ಬಾಯಿಗೆ ಹತ್ತಿರ ಓಣಿಯ ಹಿರಿಯ ಶಂಕ್ರಪ್ಪನಂಥ ಮೇಲ್ಜಾತಿಯವರ ಮಂಚಗಳು. ಮಾದರರು, ವಡ್ಡರು ಬಾಗಿಲ ಸಂದಿಯಲ್ಲಿ. ಯಾರೂ ಹೀಗೆ ಕೂರಿ ಎಂದು ಹೇಳಿರಲಿಲ್ಲ. ಹೇಳುವ ಅಗತ್ಯ ಬಿದ್ದಿರಲಿಲ್ಲ.

ಬೆಳಗಿನ ಪಾಳಿ ಮುಗಿಸಿ ದಾಕ್ಷಾಯಣಿ ಒಳಗೆ ಬಂದಾಗ ಅವಳ ವೈನಿ, ಅಣ್ಣನ ಹೆಂಡತಿ ಗಂಗವ್ವ, ಬಾಗಿಲ ಬಳಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಏಳು ತಿಂಗಳಿಗೇ ಹುಟ್ಟಿದ ಕೂಸು. ಅಣ್ಣ ಲಾರಿಯ ಮೇಲೆ ಸೋಲಾಪುರದ ಕಡೆ ಹೋದವನು ಇನ್ನೂ ಅದರ ಮುಖ ನೋಡಿರಲಿಲ್ಲ. ಬಿಸಿ ತಾಗದ ಹಾಗೆ ನೋಡಿಕೊಳ್ಳಿ, ತಾಗಿದರೆ ಇದು ತಡೆಯೋದಿಲ್ಲ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು.

"ಮುಂಜಾನಿಂದ ಎಷ್ಟ ಸಲ ಹೋತ ಗೊತ್ತೇನ ಕರೆಂಟ?" ಅಂದಳು ಗಂಗವ್ವ. "ಹಿಂದೆಲ್ಲಾ ಹಿಂಗ ಇರಲಿಲ್ಲ. ಇತ್ತಿತ್ಲಾಗ ಏನಾಗೈತೋ."

ಅವಳು ಹೇಳಿ ಮುಗಿಸುವಷ್ಟರಲ್ಲಿ ಮತ್ತೆ ಹೋಯಿತು. ಯಂತ್ರ ಉಸಿರು ಬಿಟ್ಟು ನಿಂತಿತು. ಕತ್ತಲಲ್ಲಿ ಶಂಕ್ರಪ್ಪನ ದನಿ ಬಂತು: "ಬಾಗಲಾ ತೆಗೀಬ್ಯಾಡ್ರೋ. ಇದ್ದ ತಂಪು ಹೊರಗ ಹೋಗ್ತೈತಿ." ಮೊದಲು ಕಾದದ್ದು ಬಾಗಿಲ ತಗಡು. ಅದರ ಬಿಸಿ ಬೆನ್ನಿಗೆ ತಾಗಿತು, ಕೊರಳಿಗೆ ಬಂತು. ಜನರ ಮೈಬೆವರು ಕತ್ತಲಲ್ಲಿ ನಾರತೊಡಗಿತು. ಕೂಸು ಅಳಲಿಲ್ಲ. ಅಳುವಷ್ಟು ತ್ರಾಣ ಅದಕ್ಕಿರಲಿಲ್ಲ. ಗುಬ್ಬಿಮರಿಯಂತೆ ಬಾಯಿ ತೆರೆದು ಮುಚ್ಚಿತು. ಗಂಗವ್ವ ಸೆರಗು ಒದ್ದೆ ಮಾಡಿ ಅದರ ನೆತ್ತಿಗೆ ಒತ್ತಿದಳು.

"ಯಾರ ಕೈಯೋ ಅದು, ಕರೆಂಟ್ ತಗಿಯೋ ಕೈ," ಅಂದಳು, ಕೂಗದೆ, ಪ್ರಾರ್ಥನೆ ಹೇಳುವ ಹಾಗೆ. "ಆ ಕೈ ಸೇದಿ ಹೋಗ್ಲಿ."

ದಾಕ್ಷಾಯಣಿಯ ಬಲಗೈ ಆಗ ಕೂಸಿನ ತಲೆಯ ಕೆಳಗಿತ್ತು. ನಾದಿನಿಗೆ ಕರೆಂಟಿನ ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ ಎಂಬುದಷ್ಟೇ ಗಂಗವ್ವನಿಗೆ ಗೊತ್ತಿದ್ದದ್ದು.

ಕರೆಂಟು ಬಂತು. ದೀಪ ಹತ್ತಿತು, ಜನ ಹೋ ಅಂದರು. ತಂಪಿನ ಯಂತ್ರ ಹಳೆಯದು, ಒಂದೇ ಸಲಕ್ಕೆ ಹೊರಡುತ್ತಿರಲಿಲ್ಲ. ಢಕ್, ಢಕ್, ಎಂದು ಎರಡು ಸಲ ಎಗರಿ ನಿಂತಿತು. ಮತ್ತೆ ಢಕ್, ಢಕ್. ನಿಂತಿತು. ದೀಪದ ಬೆಳಕೂ ಅದರ ಜೊತೆಗೆ ಎರಡೆರಡು ಸಲ ಕುಗ್ಗಿ ಹಿಗ್ಗಿತು.

ದಾಕ್ಷಾಯಣಿಗೆ ಆ ತಾಳ ಗೊತ್ತಿತ್ತು. ಕಿವಿಗಲ್ಲ, ಬೆರಳಿಗೆ. ತಿಂಗಳಿನಿಂದ ಅದನ್ನು ಕಂಡು ನಕ್ಕಿದ್ದಳು. ಅವಳು ಉಸಿರು ಹಿಡಿದು ಕಾಯ್ದಳು. ಈಗ, ಅಂದುಕೊಂಡಳು, ಈಗ ಮಧ್ಯಾಹ್ನದ ಪಾಳಿಯವರು ನಗುತ್ತಿದ್ದಾರೆ. ಯಂತ್ರ ಇನ್ನೊಮ್ಮೆ ಬಿಕ್ಕಿತು. ದೀಪ ಆರಿತು.

*

"ಗೊತ್ತಿತ್ತೇನ ಸರ ನಿಮಗ?"

ಪ್ರಸನ್ನ ಹಂಚಿನಾಳ ಕೆಟ್ಟ ಮನುಷ್ಯನಲ್ಲ. ಸುಳ್ಳು ಹೇಳಬಹುದಾಗಿತ್ತು, ಹೇಳಲಿಲ್ಲ. ಕ್ಯಾಬಿನ್ನಿನ ಬಾಗಿಲು ಹಾಕಿ, ಅವಳನ್ನು ಕೂರಿಸಿ, ತಾನು ನಿಂತುಕೊಂಡ.

"ಯಾವ ಲೈನು ಯಾವ ಭೂತ ಅಂತ ನಂಗೆ ಗೊತ್ತಿರತ್ತೆ. ಅದು ನನ್ನ ಕೆಲಸ. ಆದರೆ ಸರದಿ ನಿಂದು."

"ಅವು ಪೆಟ್ಟು ತಿಂದು ಸೊರಗಿದ ಭೂತ ಅಂತ ತಿಳಿದಿದ್ದೆ ನಾ. ಬಾಜೂದವರು ಹೊಡದು ಬಿಟ್ಟಾರ, ನಾ ಮುಗಸಾಕತ್ತೇನಿ ಅಂತ."

"ಪೆಟ್ಟು ತಿಂದಿಲ್ಲ. ಅವು ಹುಟ್ಟೋದೇ ಹಾಗೆ. ಎಲ್ಲಾ ಭೂತಕ್ಕೂ ಪಟ್ಟಿಯ ಅಳತೆ ಒಂದೇ. ನಿಮ್ಮ ಓಣಿಯಲ್ಲಿ ಏನಿದೆ ಹೇಳು? ಮನೆಗೊಂದು ಬಲ್ಬು, ಒಂದು ಫ್ಯಾನು, ಎಲ್ಲರಿಗೂ ಸೇರಿ ಒಂದು ತಂಪಿನ ಯಂತ್ರ. ಪಟ್ಟಿಯಲ್ಲಿ ಅದು ಕಾಲು ಭಾಗವೂ ಆಗೋದಿಲ್ಲ."

ಕಡಿಮೆ ಉಂಡವನು ಸಾಯಲು ಹತ್ತಿರ ಇದ್ದಾನೆ, ಆದ್ದರಿಂದ ಅವನನ್ನೇ ಮೊದಲು ಮುಗಿಸು. ದಾಕ್ಷಾಯಣಿ ಬರೆದ ಸರದಿ ಇಷ್ಟನ್ನೇ ಹೇಳುತ್ತಿತ್ತು. ಆಟದಲ್ಲಿ ಅದು ಜಾಣತನ. ಆಟದ ಹೊರಗೆ ಅದಕ್ಕೆ ಬೇರೆ ಹೆಸರಿತ್ತು, ಆ ಹೆಸರು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು.

"ಮತ್ತ ನೀಲಿ? ಅದ್ಯಾಕ ವಾಪಸ್ ಬರ್ತೈತಿ?"

ಪ್ರಸನ್ನ ಕನ್ನಡಕ ತೆಗೆದು ಒರೆಸಿದ. "ನೀಲಿ ಅಂದ್ರೆ ಕಂಪನಿಗೆ ಬೀಳೋ ದಂಡ. ದೊಡ್ಡ ಗಿರಾಕಿಗಳ ಹತ್ರ ಕರಾರು ಇದೆ, ಅವರ ಲೈನು ಕಡಿದರೆ ಕಂಪನಿ ಕೊಡಬೇಕು. ನಿಮ್ಮ ಓಣಿ ಜೊತೆ ಕರಾರಿಲ್ಲ."

"ಅಂದ್ರ ನಾವು ಪುಕ್ಕಟೆ."

ಅವನು ಕನ್ನಡಕವನ್ನು ಮತ್ತೊಮ್ಮೆ ಒರೆಸಿದ.

"ಆ ದೊಡ್ಡಪ್ಪ ಯಾರು ಸರ?" ಪರದೆಯ ಹಿಂಭಾಗದಲ್ಲಿ ಸದಾ ನಿಂತಿರುತ್ತಿದ್ದ, ಯಾವ ವೇಷ ಹಾಕಿದರೂ ಗಾತ್ರ ಮುಚ್ಚಿಡಲಾಗದ ಒಂದು ಭೂತಕ್ಕೆ ಅವರಿಟ್ಟ ಹೆಸರು ಅದು. ಅದನ್ನು ಯಾರೂ ಹೊಡೆಯುತ್ತಿರಲಿಲ್ಲ. ಹೊಡೆದವರ ನೀಲಿ ಬತ್ತಿ ಹೋಗುತ್ತಿತ್ತು.

"ಬೈಪಾಸಿನ ಆಚೆ ಇರೋ ಸರ್ವರ್ ಪಾರ್ಕು."

"ಅಲ್ಲಿ ಮಂದಿ ಇರ್ತಾರೇನ?"

"ಕಂಪ್ಯೂಟರುಗಳು ಇರ್ತಾವೆ. ಅವು ಕಾಯಬಾರದು, ಅದಕ್ಕೆ ತಂಪು ಮಾಡ್ತಾರೆ. ಅವರದೇ ಜನರೇಟರುಗಳೂ ಇದಾವೆ. ಓಡಿಸಿದರೆ ಡೀಸೆಲ್ ಖರ್ಚು ಅಂತ ಓಡಿಸೋದಿಲ್ಲ." ಅವನು ಕನ್ನಡಕ ಹಾಕಿಕೊಂಡ. "ನೋಡು ದಾಕ್ಷಾಯಣಿ, ನಿನ್ನ ಕೈ ಇಲ್ಲದೆ ಈ ಕೋಣೆ ನಡೆಯಲ್ಲ. ನಿಮ್ಮ ಓಣಿ ಲೈನನ್ನ ನಾನು ಬೂದು ಬಣ್ಣ ಮಾಡ್ತೀನಿ. ಯಾರ ಮಂತ್ರವೂ ಅದಕ್ಕೆ ತಾಗೋದಿಲ್ಲ. ಇದು ನಮ್ಮಿಬ್ಬರಲ್ಲೇ ಇರಲಿ. ನೀನು ಹೇಳಿದ ಆ ಕೂಸನ್ನ ಉಳಿಸಿಕೋ."

ಅವಳು ಎದ್ದು ಬೈದು ಹೊರಗೆ ಬಂದಿದ್ದರೆ ಕಥೆ ಚಂದ ಇರುತ್ತಿತ್ತು. ಅವಳು ಬೈಯಲಿಲ್ಲ. ಬಾಯಿ ತೆರೆದು ಮುಚ್ಚುವ ಆ ಕೂಸಿನ ಮುಖ ಕಣ್ಣ ಮುಂದಿತ್ತು. "ಇವತ್ತ ಮಾಡ್ರಿ," ಅಂದಳು.

*

ಬೂದು ಬಣ್ಣದ ಭೂತ ಪರದೆಯ ಅಂಚಿನಲ್ಲಿ ತನ್ನ ಪಾಡಿಗೆ ಬಿಕ್ಕುತ್ತಾ ನಿಂತಿತು. ಇಮ್ತಿಯಾಜ್ ಅದಕ್ಕೆ ಎರಡು ಸಲ ಮಂತ್ರ ಬಿಟ್ಟು ನೋಡಿದ. "ಇದಕ್ಕೇನಾತು? ಯಾರರೆ ತಾಯತ ಕಟ್ಟ್ಯಾರೇನ?" ಎಂದ. ದಾಕ್ಷಾಯಣಿ ತನ್ನ ಪರದೆಯ ಕಡೆ ಬಾಗಿದಳು. ಆ ದಿನದಿಂದ ಉಳಿದ ಪಿಳ್ಳೆಗಳ ಮೇಲೆ ಬೆರಳು ಇಡುವಾಗ ಅವಳಿಗೆ ಒಂದೊಂದರ ಒಳಗೂ ದೀಪ ಕಂಡಿತು. ಬೆರಳು ಸೋತಿತು. ಮೀಟರಿನಲ್ಲಿ ಕೆಂಡ ಒಂದು ಮೆಟ್ಟಿಲು ಇಳಿದು, ಇಮ್ತಿಯಾಜ್ ಮೇಲೆ ಹತ್ತಿ ಕೂತ. "ಮೇಡಮ್ಮಾರಿಗೆ ವಯಸ್ಸಾತು," ಎಂದು ಛೇಡಿಸಿದ. ಅವಳ ಸರದಿಯಲ್ಲೇ ಅವಳನ್ನು ಸೋಲಿಸಿದ ಸಂತೋಷ ಅವನಿಗೆ.

ಕ್ವಾರಿ ಓಣಿಯಲ್ಲಿ ಹಬ್ಬ. ಕರೆಂಟು ಹೋಗಲೇ ಇಲ್ಲ. ಗಂಗವ್ವನ ಮುಖಕ್ಕೆ ರಕ್ತ ಬಂತು, ಕೂಸು ಚೀರಿ ಅಳುವುದನ್ನು ಕಲಿಯಿತು. ಶಂಕ್ರಪ್ಪ ಇದು ತಾನು ಬರೆದ ಅರ್ಜಿಯ ಪ್ರಭಾವ ಎಂದು ಹೇಳಿಕೊಂಡು ತಿರುಗಿದ. ದಾಕ್ಷಾಯಣಿ ಮಾತ್ರ ಕೂತಲ್ಲಿ ಕೂರಲಾರದವಳಾದಳು. ತಂಪಿನ ಮನೆಯಲ್ಲಿ ಅರ್ಧ ಗಂಟೆ ಕೂತರೆ ಮೈ ಮುಳ್ಳು, ಎದ್ದು ಬಿಸಿಲಿಗೆ ಹೋಗಿ ನಿಲ್ಲುತ್ತಿದ್ದಳು.

ಮುಂದಿನ ಭಾನುವಾರ, ಅವಳ ಪಾಳಿಗೆ ವಾರದ ರಜೆ, ನಡುಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಶಂಕ್ರಪ್ಪ ಸಂದಿಯಿಂದ ಇಣುಕಿ ನೋಡಿ, ಒಳಗಿನ ಅಗಳಿ ಹಾಕಿ ಬೆನ್ನು ಕೊಟ್ಟು ನಿಂತ.

"ಬಾವಡಿ ಗಲ್ಲಿಯವರು. ಹಿಂಡ ಬಂದೈತಿ."

ಬಾವಡಿ ಗಲ್ಲಿ ಅಲ್ಲಿಂದ ಬಹಳ ದೂರವಿಲ್ಲ, ಆದರೆ ಆ ಹೊತ್ತಿನ ಬಿಸಿಲಿನಲ್ಲಿ ನಡೆದು ಬರುವ ದೂರವಲ್ಲ. ಹೊರಗಿನಿಂದ ಯಾರೋ ಕೂಗಿದರು: "ನಮ್ಮ ತಂಪಿನ ಮನಿ ಮುಂಜಾನಿಂದ ಬಂದ್ ಐತಿ, ಕರೆಂಟಿಲ್ಲ. ಹೆಂಗಸರನ್ನರೆ ಒಳಗ ಬಿಡ್ರಿ."

"ಇಲ್ಲೇ ಕಾಲ ಚಾಚಾಕ ಜಾಗಿಲ್ಲ," ಶಂಕ್ರಪ್ಪ ಬಾಗಿಲಿಗೆ ಹೇಳಿದ. "ಇಷ್ಟ ಮಂದಿ ಹೊಕ್ಕರ ಮಶೀನು ತಡೀತೈತೇನ? ನಮ್ಮದೂ ಹೋಗ್ತೈತಿ."

ದಾಕ್ಷಾಯಣಿ ಎದ್ದಳು. ಅವಳು ಹೆಜ್ಜೆ ಇಡುವ ಮೊದಲೇ ಗಂಗವ್ವ ಅವಳ ಸೆರಗು ಹಿಡಿದಳು. "ಬ್ಯಾಡ ದಾಕ್ಷಿ. ಬಾಗಲಾ ತೆಗೀಬ್ಯಾಡ. ಕೂಸಿಗೆ ಝಳ ಬಡೀತೈತಿ."

"ವೈನಿ, ಹೊರಗ ಮಂದಿ ಅದಾರ."

"ಅದಾರ. ನಾ ಏನ್ ಮಾಡ್ಲಿ? ಅವರ ಕರೆಂಟ್ ನಾ ತಗದೇನೇನ?"

ಬಾಗಿಲ ಹಿಂದಿನಿಂದ ಇನ್ನೊಂದು ದನಿ ಬಂತು. ಸೋತು ಹರಿದ ದನಿ, ಆದರೂ ದಾಕ್ಷಾಯಣಿ ದಿನವೂ ಮಗ್ಗುಲಲ್ಲಿ ಕೇಳುವ ದನಿ. "ಅಮ್ಮೀ, ಕಣ್ಣ ತಗಿ. ಅಮ್ಮೀ." ಇಮ್ತಿಯಾಜ್.

ಅವಳು ಸೆರಗು ಕಿತ್ತುಕೊಂಡಳು. ಶಂಕ್ರಪ್ಪನನ್ನು ಒಂದು ಕೈಯಿಂದ ಬದಿಗೆ ನೂಕಿ ಅಗಳಿ ಎಳೆದಳು. ಮಾದರ ಹುಡುಗಿ ತನ್ನನ್ನು ಮುಟ್ಟಿ ನೂಕಿದಳೆಂಬುದು ಶಂಕ್ರಪ್ಪನಿಗೆ ಅರಗುವ ಮೊದಲೇ ಬಿಸಿಲು ಒಳಗೆ ನುಗ್ಗಿತ್ತು. ಇಮ್ತಿಯಾಜ್ ತಾಯಿಯನ್ನು ಬೆನ್ನ ಮೇಲೆ ಹೊತ್ತು ತಂದಿದ್ದ. ಬುರ್ಖಾ ಅರ್ಧ ಜಾರಿತ್ತು, ಚರ್ಮ ಒಣಗಿ ಕೆಂಪಾಗಿತ್ತು, ಬೆವರೂ ನಿಂತುಹೋಗಿತ್ತು. ಬಾಗಿಲು ತೆಗೆಯಲು ಹಿಡಿದ ಹೊತ್ತು ಹೆಚ್ಚೇನೂ ಅಲ್ಲ. ಆದರೆ ಆಕೆಗೆ ಅಷ್ಟೇ ಹೊತ್ತು ಉಳಿದಿತ್ತೋ ಏನೋ. ವಡ್ಡರ ಹೆಂಗಸರು ಕೊಡಗಟ್ಟಲೆ ನೀರು ಸುರಿದರು, ಆಟೋ ಬಂತು, ಆಸ್ಪತ್ರೆಗೆ ಒಯ್ದರು. ಆಕೆ ಕಣ್ಣು ತೆರೆಯಲಿಲ್ಲ, ಉಸಿರು ಮಾತ್ರ ಇತ್ತು.

ಆಟೋ ಹೊರಡುವ ಮುಂಚೆ ದಾಕ್ಷಾಯಣಿ ಅವನ ತೋಳು ಹಿಡಿದಳು. ಎಲ್ಲವನ್ನೂ ಹೇಳಿದಳು. ಬಿಕ್ಕುವ ಭೂತ ಯಾವುದು, ನೀಲಿ ಎಂದರೆ ಏನು, ಬೂದು ಬಣ್ಣ ಬಳಿದದ್ದು ಯಾರು, ಬಳಿಸಿಕೊಂಡದ್ದು ಯಾರು. ಅವನು ಹೊಡೆಯುತ್ತಾನೆಂದುಕೊಂಡಳು. ಅವನು ತನ್ನ ಬೆರಳುಗಳನ್ನೇ ನೋಡಿಕೊಂಡ.

"ನಿನ್ನೆ ಒಂದನೇ ನಂಬರ್ ಬಂದಿದ್ದೆ ನಾ," ಅಂದ.

*

ಮರುದಿನ ಇಮ್ತಿಯಾಜ್ ಕುರ್ಚಿಗೆ ಬಂದು ಕೂತಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ತಾಯಿ ಆಸ್ಪತ್ರೆಯಲ್ಲಿದ್ದರೂ ಬರಲೇಬೇಕು. ರಜೆ ಹಾಕಿದವರ ಕುರ್ಚಿ ಮರುದಿನ ಇನ್ನೊಬ್ಬರದು. ಹೊರಗೆ ಆ ಬೇಸಿಗೆಯ ಅತಿ ಕೆಟ್ಟ ಬಿಸಿಲು. ಹನ್ನೊಂದಕ್ಕೇ ಕೋಟೆಗೋಡೆಯಲ್ಲಿ ಬಿರುಕು ಕಾಣಿಸಿತು. ಪಿಳ್ಳೆಗಳು ಎದುರಿಗೆ ಸಾಲಾಗಿ ನಿಂತಿದ್ದವು, ಎಲ್ಲದರ ತಲೆಯ ಮೇಲೂ ತೆಳ್ಳನೆಯ ಕೆಂಪು. ಅವುಗಳ ಹಿಂದೆ ದೊಡ್ಡಪ್ಪ, ಪಟ್ಟಿ ತುಂಬಿ ತುಳುಕುತ್ತಿತ್ತು.

ದಾಕ್ಷಾಯಣಿ ಪಿಳ್ಳೆಗಳ ಸಾಲನ್ನು ದಾಟಿ ದೊಡ್ಡಪ್ಪನಿಗೆ ಉರಿ ಹಚ್ಚಿದಳು.

ಅವಳ ನೀಲಿ ಸರ್ರನೆ ಇಳಿಯಿತು. ಪಕ್ಕದಿಂದ ಇನ್ನೊಂದು ಉರಿ ಹೋಗಿ ಅಂಟಿತು. ಇಮ್ತಿಯಾಜ್ ಪರದೆಯಿಂದ ಕಣ್ಣು ತೆಗೆಯದೆ, "ಹಳೇ ಸರದಿ," ಅಂದ. "ಮೊದಲ ದೊಡ್ಡದು. ನಾ ಅಂದಿದ್ದೆ."

"ಹೌದು. ನೀ ಅಂದಿದ್ದಿ."

ಗೋಡೆ ಇನ್ನಷ್ಟು ಸೀಳಿತು. ಇಬ್ಬರ ಬಲದಿಂದ ದೊಡ್ಡಪ್ಪ ಬೀಳುವಂಥದ್ದಲ್ಲ. ಆಚೆ ಸಾಲಿನಿಂದ ರೇಣುಕಾ ಬಡಿಗೇರ ಕಿರುಚಿದಳು: "ಏನ್ ಮಾಡಾಕತ್ತೀರಿ ನೀವಿಬ್ಬರೂ? ಗ್ವಾಡಿ ಬೀಳಾಕತ್ತೈತಿ. ಪಿಳ್ಳೆ ಮುಗಸ್ರಿ ಮೊದಲ."

"ಮುಗಿಸು," ಅಂದಳು ದಾಕ್ಷಾಯಣಿ. "ಆದ್ರ ಆ ಪಿಳ್ಳೆಗೋಳು ಭೂತ ಅಲ್ಲ ರೇಣುಕಾ. ನಮ್ಮ ನಮ್ಮ ಓಣಿ. ತಗಡಿನ ಮನಿ ಇದ್ದ ಓಣಿ ಎಲ್ಲಾ ಪಿಳ್ಳೆ ಆಗೇ ಹುಟ್ಟತಾವ. ನಿನ್ನೆ ಇಂವನ ತಾಯಿನ್ನ ಸುಟ್ಟದ್ದು ನಾವ ಕಲಿಸಿದ ಈ ಸರದಿ."

ರೇಣುಕಾಳ ಬೆರಳು ಒಂದು ಪಿಳ್ಳೆಯ ಮೇಲೆ ನಿಂತಿತ್ತು. "ಇದರಾಗ ನಂದ ಯಾವುದು?" ಅಂದಳು ಸಣ್ಣಗೆ.

"ಗೊತ್ತಿಲ್ಲ. ಯಾವುದರೆ ಆಗಿರಬಹುದು. ಅದ ಇರಬಹುದು."

ರೇಣುಕಾ ಕಾದ ಹಂಚಿನಿಂದ ತೆಗೆದಂತೆ ಬೆರಳು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಅವಳ ಸಿಡಿಲು ಪಿಳ್ಳೆಗಳ ತಲೆಯ ಮೇಲಿನಿಂದ ಹಾದುಹೋಗಿ ದೊಡ್ಡಪ್ಪನ ಎದೆಗೆ ಬಡಿಯಿತು. ಅದರ ಬೆನ್ನಿಗೆ ಮೂಲೆಯ ಕುರ್ಚಿಯದು. ಅದರ ಬೆನ್ನಿಗೆ ಇನ್ನೊಂದು. ಮೀಟರು ಹುಚ್ಚೆದ್ದು ಓಡಿತು, ಯಾರೂ ಅದನ್ನು ನೋಡಲಿಲ್ಲ. ಏಳು ಪಟ್ಟಿಗಳ ನೀಲಿಯೂ ತಳದ ಹತ್ತಿರ ಬಂತು. ದೊಡ್ಡಪ್ಪನ ಕೆಂಪು ಅರ್ಧಕ್ಕೆ ಬಂತು, ಕಾಲಿಗೆ ಬಂತು, ಕಾಲಿಗಿಂತ ಕೆಳಗೆ ಇಳಿಯಿತು.

"ಈಗ ಸಾಯಾಕ ಬಂತು," ಅಂದ ಇಮ್ತಿಯಾಜ್. "ನಿನ್ನ ಮಂತ್ರ."

ದಾಕ್ಷಾಯಣಿ ಕೊನೆಯುಸಿರು ಹಾಕಿದಳು.

ಆ ಗಾತ್ರದ ಭೂತ ಬಿದ್ದದ್ದನ್ನು ಆ ಕೋಣೆ ಎಂದೂ ಕಂಡಿರಲಿಲ್ಲ. ಗೋಡೆಯ ಬಿರುಕು ಬುಡದಿಂದ ತುದಿಯವರೆಗೆ ಕೂಡಿಕೊಂಡಿತು. ಪಿಳ್ಳೆಗಳು ಒಂದೂ ಸಾಯದೆ ನಿಂತಿದ್ದವು. ಬೈಪಾಸಿನ ಆಚೆ ಎಲ್ಲೋ ಜನರೇಟರುಗಳು ಹೊಗೆ ಉಗುಳುತ್ತಾ ಹೊರಟಿರಬೇಕು. ಆಗ ಪ್ರಸನ್ನನ ಕ್ಯಾಬಿನ್ನಿನಲ್ಲಿ ಫೋನು ಬಡಿದುಕೊಂಡಿತು. ಅದು ನಿಲ್ಲುವ ಮೊದಲು ಇನ್ನೊಂದು. ಅವನ ಜೇಬಿನೊಳಗಿನದು. ರಿಸೆಪ್ಶನ್ನಿನದು. ಇಡೀ ಬೇಸಿಗೆ ಓಣಿ ಓಣಿಗಳು ಬೇಯುವಾಗ ಒಮ್ಮೆಯೂ ಬಡಿಯದಿದ್ದ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಂಡವು.

ಪ್ರಸನ್ನ ಓಡಿ ಬಂದ. ಮುಖ ಬಿಳಿಚಿತ್ತು. "ಯಾರು? ಹೆಡ್ಡಾಫೀಸಿನವರು ಹೆಸರು ಕೇಳ್ತಿದಾರೆ. ಯಾರ ಬೆರಳದು?"

"ನಂದು," ಅಂದಳು ದಾಕ್ಷಾಯಣಿ. "ಹೇಳ್ರಿ ಸರ, ದಾಕ್ಷಾಯಣಿ ಮಾದರ, ಕ್ವಾರಿ ಓಣಿ ಅಂತ. ಹೋದ ತಿಂಗಳದ್ದೂ ನನ್ನ ಬೆರಳ. ನಮ್ಮ ವೈನಿ ಕೂಸಿನ ಕರೆಂಟ್ ತಗದಿದ್ದೂ ಅದ. ಆವಾಗ ಯಾರೂ ಹೆಸರ ಕೇಳಲಿಲ್ಲ."

"ಕುರ್ಚಿ ಬಂದ್ ಮಾಡು ಅಂತಿದಾರೆ."

"ಮಾಡ್ರಿ."

ಗೋಡೆಯ ಮೇಲಿನ ಕೆಂಪು ಗುಂಡಿಯ ಮೇಲೆ ಅವನು ಕೈ ಇಟ್ಟ. ಒತ್ತಿದರೆ ಏಳೂ ಕುರ್ಚಿ ಸತ್ತುಹೋಗುತ್ತವೆ. ಒತ್ತಿದರೆ ಈ ಸೀಮೆಯಲ್ಲಿ ಕಡಿಯಲು ಮನುಷ್ಯರ ಬೆರಳೇ ಇರುವುದಿಲ್ಲ, ಯಂತ್ರ ಕಡಿಯುವಂತಿಲ್ಲ, ಕೋಟೆಗೋಡೆಗೆ ಕಾವಲಿಲ್ಲ. ಆ ಲೆಕ್ಕ ಅವನ ಕಣ್ಣಲ್ಲಿ ಓಡುವುದನ್ನು ಏಳೂ ಜನ ನೋಡಿದರು. ಫೋನುಗಳು ಬಡಿದುಕೊಳ್ಳುತ್ತಲೇ ಇದ್ದವು. ಹೊರಗೆ ಸೂರ್ಯ ಇನ್ನೂ ನೆತ್ತಿಗೆ ಬಂದಿರಲಿಲ್ಲ.

ಗೋಡೆಯ ಬುಡದಲ್ಲಿ ಹೊಸದೊಂದು ಗೆರೆ ಮೂಡಿತು. ಮೆಲ್ಲಗೆ ಮೇಲಕ್ಕೆ ತೆವಳಿತು.

ಪ್ರಸನ್ನನ ಕೈ ಗುಂಡಿಯ ಮೇಲೇ ಇತ್ತು, ಒತ್ತಲಿಲ್ಲ. ಇಮ್ತಿಯಾಜ್ ಬೆವರಿದ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ಮುಂದ ಯಾವುದು?"

ದಾಕ್ಷಾಯಣಿ ಪರದೆಯ ಮೇಲೆ ಎಡದಿಂದ ಬಲಕ್ಕೆ ಒಂದೊಂದೇ ಭೂತವನ್ನು ನೋಡುತ್ತಾ ಹೋದಳು. ಉಳಿದವುಗಳಲ್ಲಿ ಎಲ್ಲಕ್ಕಿಂತ ದಪ್ಪ ಕೆಂಪಿನದು ಯಾವುದೆಂದು ಹುಡುಕಿ, ಅದರ ಮೇಲೆ ಬೆರಳಿಟ್ಟಳು.